ಎಡಗಡೆಯ ಕೈ

ಇಮಾಮ ಸಾಹೇಬರೇ, ಆ ಕೈ ನನ್ನದು. ಕೋರ್ಟಿನಲ್ಲಿ ನೀವು ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು.

ಆಗ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಸರಕಾರ ಬದಲಾದರೂ ದಾಮುವಿನ ಬಾಡಿಗೆ ಕಾರು ಬದಲಾಗಿರಲಿಲ್ಲ. ಬ್ರೇಕು ಒತ್ತಿದರೆ ಹಿಂದಿನ ಕೆಂಪು ದೀಪ ಹತ್ತುತ್ತಿರಲಿಲ್ಲ, ತಿರುಗುವಾಗ ಮಗ್ಗುಲಿನಿಂದ ಹೊರಬಿದ್ದು ದಿಕ್ಕು ತೋರಿಸಬೇಕಾದ ಪುಟ್ಟ ಕೈ ಮುರಿದಿತ್ತು. ಯಂತ್ರಕ್ಕೆ ಕೈಯಿಲ್ಲದಿದ್ದರೆ ಚಾಲಕನೇ ಕೈ ತೋರಿಸಬೇಕೆಂಬುದು ಕಾಯಿದೆ. ದಾಮು ಬಲಗಡೆಯದನ್ನು ತಾನು ಇಟ್ಟುಕೊಂಡು, ಎಡಗಡೆಯದನ್ನು ಮುಂದಿನ ಸೀಟಿನ ನನಗೆ ವಹಿಸಿದ್ದ. ಎಡಕ್ಕೆ ತಿರುಗುವಾಗಲೆಲ್ಲ ನಾನು ದಾನಶಾಸನ ಹೊರಡಿಸುವ ಅರಸನಂತೆ ಕೈ ಚಾಚುತ್ತಿದ್ದೆ.

ಯಲ್ಲಾಪುರದಿಂದ ಶಿರಸಿಗೆ ಬರುವಾಗ ಹಿಂದೆ ನಿಮ್ಮ ಲಾರಿ ಇತ್ತು. ಅಂದು ಏಕಾದಶಿ, ಎಲೆ ಮುಟ್ಟಬಾರದ ದಿನ. ಮನೆಯವಳ ಕಣ್ಣು ತಪ್ಪಿಸಿ ಎಲೆ-ಅಡಿಕೆ ಕಟ್ಟಿಕೊಂಡು ಬಂದಿದ್ದೆ. ಹುಲಗೋಳದ ಹತ್ತಿರ ಕವಳ ಮಡಿಸಿ, ಎಲೆಯ ತೊಟ್ಟು ಎಸೆಯಲು ಕೈ ಹೊರಗೆ ಚಾಚಿದೆ, ಬೆರಳಿನ ಸುಣ್ಣವನ್ನೂ ಕೊಡವಿದೆ. ಕಾರು ಎಡಕ್ಕೆ ಹೋಗುತ್ತದೆಂದು ನೀವು ಬಲಗಡೆಯಿಂದ ಮುಂದೆ ಬಂದಿರಿ. ದಾಮು ಬಲಕ್ಕೆ ತಿರುಗಿಸಿದ — ಕೈ ತೋರಿಸದೆ. ನಮ್ಮನ್ನು ಉಳಿಸಲು ನೀವು ಲಾರಿಯನ್ನು ಹಳ್ಳಕ್ಕೆ ಇಳಿಸಿದಿರಿ.

"ಹೆಗಡೇರೆ, ನಿಮ್ಮ ಕೈ ಹೊರಗಿತ್ತು ಅಂದ್ರೆ ನನ್ನ ಕಾರು ಹೋಯ್ತು," ಎಂದ ದಾಮು, ಕೋರ್ಟಿಗೆ ಹೋಗುವ ದಾರಿಯಲ್ಲಿ.

ಕೋರ್ಟಿನಲ್ಲಿ ನೀವು, "ಎಡಗಡೆ ಕೈ ಕಣ್ಣಾರೆ ನೋಡೀನ್ರಿ," ಎಂದಿರಿ. ಬಲಗಡೆ ಕೂರುವ ಚಾಲಕನ ಕೈ ಎಡಕ್ಕೆ ಹೇಗೆ ಬಂತೆಂದು ಎಲ್ಲರೂ ನಕ್ಕರು. ಕವಳ ಹಾಕುವವರ ಕೈ ಹೊರಗೆ ಹೋಗುವುದುಂಟಲ್ಲವೇ ಎಂದು ನಿಮ್ಮ ವಕೀಲರು ನನ್ನನ್ನು ಕೇಳಿದರು.

"ಅಂದು ಏಕಾದಶಿ, ಸ್ವಾಮಿ. ನಾನು ಎಲೆ ಮುಟ್ಟಿಲ್ಲ."

ದೇವರನ್ನೇ ಸಾಕ್ಷಿಗೆ ತಂದ ಮೇಲೆ — ಇನ್ನೇನು. ನಿಮ್ಮ ಲೈಸನ್ಸು ರದ್ದಾಯಿತು. ನನಗೂ ಶಿಕ್ಷೆಯಾಯಿತು, ಅದು ಯಾರಿಗೂ ಕಾಣಲಿಲ್ಲ ಅಷ್ಟೆ. ಅಂದಿನಿಂದ ಪ್ರತಿ ಏಕಾದಶಿಯೂ ನಾನು ಎಲೆ ಮುಟ್ಟುವಂತಿಲ್ಲ. "ಇವು ಜೀವ ಹೋದ್ರೂ ವ್ರತ ಬಿಡ್ತ್ವಿಲ್ಲೆ," ಎಂದು ಮನೆಯವಳು ನೆಂಟರ ಮುಂದೆ ಹೊಗಳುತ್ತಾಳೆ. ನಾನು ಭಕ್ತನ ಮುಖ ಮಾಡಿಕೊಂಡು ಒಣಬಾಯಲ್ಲಿ ಕೂರುತ್ತೇನೆ. ಮಾಡಿದ ಪಾಪಕ್ಕೆ ಪುಣ್ಯವಂತನೆಂಬ ಹೆಸರು — ಬಿಡಿಸಿಕೊಳ್ಳುವುದು ಹೇಗೆ?

ನೀವು ಶಿರಸಿಯ ಬಸ್ ನಿಲ್ದಾಣದಲ್ಲಿ ಮೂಟೆ ಹೊರುತ್ತೀರಿ. ನಾನು ಬಸ್ಸು ಹತ್ತಿದರೆ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳುತ್ತೀರಿ: "ಕೈ ಒಳಗಿಟ್ಕೋರಿ, ಹೆಗಡೇರ." ಅಕ್ಕಪಕ್ಕದವರು ನಿಮ್ಮ ಮರ್ಯಾದೆಯನ್ನು ಮೆಚ್ಚುತ್ತಾರೆ. ನಾನು ಕೈಯನ್ನು ಹೊದ್ದ ಪಂಚೆಯೊಳಗೆ ಮುಚ್ಚಿಕೊಳ್ಳುತ್ತೇನೆ. ಬಸ್ಸು ಹೊರಡುವುದೇ ಇಲ್ಲ ಅನ್ನಿಸುತ್ತದೆ.

ನಾಳೆ ಏಕಾದಶಿ. ಮನೆಯವಳ ಎದುರಿಗೇ ಕವಳ ಹಾಕಿ, ಯಾಕೆಂದು ಹೇಳಿ, ನಿಲ್ದಾಣಕ್ಕೆ ಬರುತ್ತೇನೆ. ನಿಮ್ಮ ಮಾತು ಸುಳ್ಳಲ್ಲವೆಂದು ಅಲ್ಲಿನ ಕಟ್ಟೆಯ ಮೇಲೆ ಕೂತವರೆಲ್ಲ ಕೇಳುವಂತೆ ಹೇಳುತ್ತೇನೆ. ಅಲ್ಲಿಂದ ನಿಮ್ಮ ವಕೀಲರ ಮನೆಗೆ. ಲೈಸನ್ಸು ಸಿಕ್ಕರೂ ನಿಮ್ಮ ಕಣ್ಣಿಗೆ ಈಗ ರಸ್ತೆ ಮಬ್ಬಾಗಿದೆ — ಅದು ನನಗೆ ಗೊತ್ತು. ಅಷ್ಟು ತಡ ಮಾಡಿದವನೂ ನಾನೇ.