ಪುಟ್ಟಮ್ಮ ಹೊಯ್ದ ನೀರು

ಪುಟ್ಟಮ್ಮನ ಬೆರಳಿಗೆ ಯಾವಾಗಲೂ ಮೈದಾ ಅಂಟು ಮೆತ್ತಿಕೊಂಡಿರುತ್ತಿತ್ತು. ನಾನು ಚಾಮರಾಜನಗರದ ಒಂದು ಆಸ್ಪತ್ರೆಗೆ ನರ್ಸಾಗಿ ಸೇರಿದಾಗ ಅವಳು ಅಲ್ಲಿ ಆಯಾ. ಬಿಡುವು ಸಿಕ್ಕಿದರೆ ಸಾಕು, ಪುಸ್ತಕಕ್ಕೆ ಹಾಕುವ ಖಾಕಿ ಕಾಗದ ಹರಡಿಕೊಂಡು ದೊಡ್ಡ ದೊಡ್ಡ ಕವರು ಅಂಟಿಸುತ್ತಿದ್ದಳು. "ಏನ್ ಪುಟ್ಟಮ್ಮ, ಕಡ್ಲೆಪುರಿ ವ್ಯಾಪಾರವಾ?" ಎಂದು ಚುಡಾಯಿಸಿದೆ. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ!

ಹಿಂದಿನ ವರ್ಷ ಕುದೇರಿನ ಕಡೆಯ ಹುಡುಗಿಯೊಬ್ಬಳನ್ನು ತಾಯಿ ಕರೆತಂದಿದ್ದಳಂತೆ. ಊರಿನವನೇ ಅತ್ಯಾಚಾರ ಮಾಡಿದ್ದ. ಡಾಕ್ಟರು ಬರುವುದು ತಡವಾಯಿತು. ಹುಡುಗಿ ನಡುಗುವುದನ್ನು ನೋಡಲಾರದೆ ಪುಟ್ಟಮ್ಮ ನೀರು ಕಾಯಿಸಿ, ಸೋಪು ಹಚ್ಚಿ ಮೈ ತೊಳೆದು, ಲಂಗವನ್ನೂ ಒಗೆದು ಹರವಿದಳು. ನಮ್ಮ ಕಡೆ ಸಾವಾಗಲಿ ಸಂಕಟವಾಗಲಿ, ಹೆಂಗಸರ ಕೈ ಮೊದಲು ಹೋಗುವುದು ಹಂಡೆಯ ಕಡೆಗೇ. ಡಾಕ್ಟರು ಬಂದು ಹಣೆ ಚಚ್ಚಿಕೊಂಡರು. ಸಾಕ್ಷಿಯೆಲ್ಲ ಚರಂಡಿಗೆ ಹೋಗಿತ್ತು. ಕೇಸು ನಿಲ್ಲಲಿಲ್ಲ. ಆ ಬೇವರ್ಸಿ ಅವಳ ಮನೆ ಮುಂದೆಯೇ ಮೀಸೆ ತಿರುವಿಕೊಂಡು ಓಡಾಡಿದ.

"ಕೂಸಿನ ಮೈ ತೊಳೀತೀನಿ ಅಂದ್ಕಂಡು ಅವ್ನ್ ಪಾಪ ತೊಳ್ದ್‌ಬುಟ್ಟೆ ಕಣವ್ವ" ಎಂದಳು ಪುಟ್ಟಮ್ಮ.

ಅಲ್ಲಿಂದ ಅವಳು ಅಂಥ ಹೆಣ್ಣುಮಕ್ಕಳಿಗೆಂದು ಚೀಲಗಳನ್ನು ಕಟ್ಟಿಡಲು ಶುರುಮಾಡಿದಳು. ಒಂದೊಂದರಲ್ಲೂ ಸಂತೆಮರಹಳ್ಳಿ ಸಂತೆಯಲ್ಲಿ ಕೊಂಡ ಹೊಸ ನೈಟಿ, ಒಳಬಟ್ಟೆ, ಚಪ್ಪಲಿ, ಬಾಚಣಿಗೆ, ಮತ್ತೆ ಆ ಖಾಕಿ ಕವರು. ಮೈಮೇಲಿದ್ದ ಬಟ್ಟೆಯನ್ನು ಪ್ಲಾಸ್ಟಿಕ್ಕಿಗೆ ಹಾಕಿದರೆ ಕೊಳೆತು ಸಾಕ್ಷಿ ಹಾಳಾಗುತ್ತದೆ, ಕಾಗದವೇ ಆಗಬೇಕು ಎಂದು ಡಾಕ್ಟರನ್ನೇ ಕೇಳಿ ಕಲಿತಿದ್ದಳು. "ಪೊಲೀಸ್ನೋರು ಬಟ್ಟೆ ಎತ್ಕಂಡೋದ್ರೆ ಕೂಸು ಏನಾಕ್ಕಂಡು ಬಸ್ ಅತ್ತದು?" ಎನ್ನುತ್ತಿದ್ದಳು.

ಅದೇ ಗತಿಯಾಗಿ ಗುಂಡ್ಲುಪೇಟೆಯಿಂದ ಬಂದ ಒಬ್ಬಳು ಮೈ ತೊಳೆದುಕೊಳ್ಳಲು "ನೀರು, ನೀರು" ಎಂದು ಅರಚಿದಾಗ ಪುಟ್ಟಮ್ಮ ಅವಳ ಕೈ ಹಿಡಿದುಕೊಂಡು ಕೂತಳು. "ವಸಿ ತಡ್ಕೊ ಕಣಮ್ಮಿ. ಡಾಕ್ಟ್ರಮ್ಮ ನೋಡ್ಬುಡ್ಲಿ. ಆಮ್ಯಾಕೆ ನಾನೇ ಉಯ್ತೀನಿ." ಅಷ್ಟರಲ್ಲಾಗಲೇ ಒಳಗೆ ನೀರು ಕಾಯಲು ಇಟ್ಟಿದ್ದಳು.

ಕುದೇರಿನ ಕಡೆಯ ಆ ಹುಡುಗಿಯ ಮನೆಗೆ ಮೂರು ಸಲ ಹೋದಳು. ಬಾಗಿಲು ತೆರೆಯಲಿಲ್ಲ. "ತಪ್ಪಾಯ್ತು ಅನ್ನಾಕೂ ಆಗ್ನಿಲ್ಲ" ಎಂದು ಕೊನೆಯವರೆಗೂ ಕೊರಗಿದಳು.

ಹರದನಹಳ್ಳಿಯಲ್ಲಿ ಅವಳು ತೀರಿಕೊಂಡ ದಿನ ಹೆಂಗಸರು ಹೆಣದ ಮೈ ತೊಳೆಯುತ್ತಿದ್ದರು. ಬೇಲಿ ಹತ್ತಿರ ನಿಂತಿದ್ದ ಒಬ್ಬಳು ಬಂದು ನನ್ನ ಕೈಲಿದ್ದ ಚೊಂಬು ಕೇಳಿದಳು. ಯಾರಮ್ಮ ನೀನು ಎಂದೆ.

"ಕುದೇರು ಕಡೇವ್ಳು ಅಕ್ಕ. ಅವತ್ತು ನಮ್ಮವ್ವನೂ ನನ್ನ ಮುಟ್ನಿಲ್ಲ. ಈವಮ್ಮ ಒಬ್ಳೇ ಮುಟ್ಟುದ್ದು. ಮನೆತಕ ಬಂದಾಗ ಮೂರ್ ಸಲವೂ ಬಾಗ್ಲ ಮರೇಲೇ ನಿಂತಿದ್ದೆ."

ಚೊಂಬು ಕೊಟ್ಟೆ. ಈ ಮಾತು ಪುಟ್ಟಮ್ಮನಿಗೆ ಕೇಳಿಸಬೇಕಿತ್ತು.