ಇಪ್ಪತ್ತೆರಡು ಸಾಲು, ಆರುನೂರ ಹನ್ನೆರಡು ಫೋಟೋ

ಮಂಗಳವಾರ ಬೆಳಿಗ್ಗೆ. ಅಂಗಡಿಯ ಶಟರ್ ಎತ್ತಿ ಇನ್ನೂ ಊದುಬತ್ತಿ ಹಚ್ಚಿರಲಿಲ್ಲ, ಫೋನ್ ಬಂತು. ಗೊತ್ತಿಲ್ಲದ ನಂಬರು.

"ಅಣ್ಣ, ಕಂಪ್ಯೂಟರ್ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯೋರು ನೀವೇನಾ?"

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಇಂಥ ಫೋನು ತಿಂಗಳಿಗೆ ಒಂದೋ ಎರಡೋ ಬರುತ್ತವೆ. ಕುರ್ಚಿ ಎಳೆದುಕೊಂಡು ಕೂತೆ. (ಹೊಗಳಿಸಿಕೊಳ್ಳುವಾಗ ನಿಂತಿರಬಾರದು, ಅವಸರದಲ್ಲಿದ್ದೇವೆ ಅಂದುಕೊಂಡು ಬೇಗ ಮುಗಿಸಿಬಿಡುತ್ತಾರೆ.) ಹೌದಪ್ಪ ನಾನೇ, ಹೇಳಿ ಅಂದೆ.

"ನೀವು ಕೊಟ್ಟಿದ್ದು ರನ್ ಮಾಡ್ದೆ ಅಣ್ಣ. ಒಂದು ಮದ್ವೆ ಹೋಯ್ತು."

ಮದುವೆ ಹೋಗುವುದು ಅಂದರೇನು? ಮುರಿದು ಬಿತ್ತಾ? ಅದಕ್ಕೂ ನನಗೂ ಏನು ಸಂಬಂಧ?

ಈ ಅಂಕಣ ಓದುವವರಿಗೆ ನನ್ನ ಕಥೆ ಗೊತ್ತು. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಹೋಳೂರಿನಲ್ಲಿ ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಕೋಲಾರದ ಒಂದು ಜೆರಾಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿ, ಅಲ್ಲಿದ್ದ ಕಂಪ್ಯೂಟರಿನ ಧೂಳು ಒರೆಸುತ್ತಾ ಒರೆಸುತ್ತಾ ಅದನ್ನು ಕಲಿತೆ. ಇವತ್ತು ಒಂದು ಟೊಮೆಟೊ ಮಂಡಿಯ ಲಾಟ್ ಬೋರ್ಡು, ಎರಡು ಕ್ಲಿನಿಕ್ಕಿನ ಟೋಕನ್ನು, ಒಂದು ಹಾಲಿನ ಡೈರಿಯ ಚೀಟಿ, ಎಲ್ಲ ನಾನು ಬರೆದ ಸಾಫ್ಟ್‌ವೇರಿನಿಂದಲೇ ನಡೆಯುತ್ತಿವೆ. ಗೋಡೆಗೆ ನೇತುಹಾಕಲು ಒಂದು ಸರ್ಟಿಫಿಕೇಟ್ ಇಲ್ಲ. ಕೆಲಸ ಇದೆ.

ಕಲಿಸಿದ್ದು ಯಾರು? ಬ್ಲಾಗುಗಳು. ಹಿಮ ಬೀಳುವ ಯಾವುದೋ ದೇಶದಲ್ಲಿ ಕೂತ ಡೆವಲಪರ್ ತಾನು ಕೋಡ್ ಬರೆಯುವ ಎಡಿಟರ್ ಬಗ್ಗೆ ಬರೆಯುತ್ತಾನೆ, ತಾನು ಬರೆದ ಪುಟ್ಟ ಟೂಲ್ ಬಗ್ಗೆ ಬರೆಯುತ್ತಾನೆ, ನಡುವೆ ತನ್ನ ಬೆನ್ನುನೋವು, ಬಾಸಿನ ಕಾಟ, ಮುಗಿಯದ ಮೀಟಿಂಗು. ನಾನು ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದೆ. ಕನ್ನಡದಲ್ಲಿ ನಮ್ಮಂಥವರಿಗೆ ಬರೆಯುವವರು ಕಡಿಮೆ ಅನ್ನಿಸಿ ನಾನೇ ಶುರು ಮಾಡಿದೆ. ಯಾವ ಟೂಲ್ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ, ಕರೆಂಟ್ ಹೋದರೆ ಬರೆದ ಕೋಡ್ ಉಳಿಸಿಕೊಳ್ಳುವುದು ಹೇಗೆ, ಗಿರಾಕಿ "ಸುಮ್ನೆ ಒಂದು ಬಟನ್ ತಾನೇ" ಅಂದಾಗ ಸಿಟ್ಟು ಮಾಡಿಕೊಳ್ಳದೆ ಏನು ಹೇಳಬೇಕು. ನನ್ನ ಪಾಲಿಗೆ ಆ ಬ್ಲಾಗೇ ಡಿಗ್ರಿ.

ಎರಡು ತಿಂಗಳ ಹಿಂದೆ ಅದರಲ್ಲಿ ಒಂದು ಪ್ರೋಗ್ರಾಂ ಹಾಕಿದ್ದೆ. ಬರೀ ಇಪ್ಪತ್ತೆರಡು ಸಾಲು. ಕಂಪ್ಯೂಟರಿನಲ್ಲಿ ಒಂದೇ ಫೈಲು ನಾಲ್ಕು ಕಡೆ ಕಾಪಿಯಾಗಿ ಕೂತು ಜಾಗ ತಿನ್ನುತ್ತದಲ್ಲ, ಅಂಥದ್ದನ್ನು ಹುಡುಕಿ, ಕೊನೆಯದಾಗಿ ಬಂದ ಒಂದನ್ನು ಉಳಿಸಿ, ಮಿಕ್ಕಿದ್ದನ್ನು ಅಳಿಸುವ ಪ್ರೋಗ್ರಾಂ. ರೀಸೈಕಲ್ ಬಿನ್ನಿಗೆ ಹಾಕುವ ನಾಟಕ ಇಲ್ಲ, ನೇರ ಅಳಿಸುತ್ತದೆ. ನನ್ನ ಅಂಗಡಿಯ ಮಷೀನಿನಲ್ಲಿ ಚೆನ್ನಾಗಿ ಓಡಿತ್ತು. ಹಾಗಾಗಿ ಕೆಳಗೆ ಬರೆದಿದ್ದೆ: ಕಣ್ಣು ಮುಚ್ಚಿಕೊಂಡು ರನ್ ಮಾಡಿ.

ಫೋನ್ ಮಾಡಿದ ಅನ್ವರ್ ಕಣ್ಣು ಮುಚ್ಚಿಕೊಂಡು ರನ್ ಮಾಡಿದ್ದ.

ಅನ್ವರ್‌ಗೆ ಮುಳಬಾಗಿಲಿನಲ್ಲಿ ಫೋಟೋ ಸ್ಟುಡಿಯೋ ಇದೆ. ಅವನೂ ತಂಗಿ ಶಬಾನಾಳೂ ಸೇರಿ ನಡೆಸುತ್ತಾರೆ. ಅವರ ಕಡೆಯ ಮದುವೆಗಳಲ್ಲಿ ಗಂಡಸರಿಗೆ ಒಂದು ಹಾಲ್, ಹೆಂಗಸರಿಗೆ ಇನ್ನೊಂದು. ಗಂಡಸರ ಕಡೆ ಅನ್ವರ್, ಹೆಂಗಸರ ಕಡೆ ಶಬಾನಾ. ಹೆಂಗಸರ ಹಾಲ್‌ನಲ್ಲಿ ಬೇರೆ ಯಾರೂ ಫೋಟೋ ತೆಗೆಯುವ ಹಾಗಿಲ್ಲ, ಮೊಬೈಲನ್ನು ಬಾಗಿಲಲ್ಲೇ ಕೊಟ್ಟು ಒಳಗೆ ಹೋಗಬೇಕು. ಅಂದರೆ ಮದುಮಗಳ ಫೋಟೋ ಅಂತ ಲೋಕದಲ್ಲಿ ಇದ್ದರೆ ಅದು ಶಬಾನಾಳ ಕ್ಯಾಮೆರಾದಲ್ಲಿ ಮಾತ್ರ.

ಇಬ್ಬರದೂ ಒಂದೇ ಕಂಪನಿಯ ಕ್ಯಾಮೆರಾ. ಎರಡೂ ಖಾಲಿ ಕಾರ್ಡ್ ಹಾಕಿದರೆ ಒಂದನೇ ನಂಬರಿನಿಂದ ಶುರು ಮಾಡುತ್ತವೆ. ಅಣ್ಣ ತೆಗೆದ ಮದುಮಗನ ಫೋಟೋಗೂ ನೂರಾ ಹದಿನೇಳು, ತಂಗಿ ತೆಗೆದ ಮದುಮಗಳ ಫೋಟೋಗೂ ನೂರಾ ಹದಿನೇಳು. ಬೇರೆ ಬೇರೆ ಫೋಲ್ಡರ್, ಬೇರೆ ಬೇರೆ ಜನ, ಹೆಸರು ಮಾತ್ರ ಒಂದೇ.

ನನ್ನ ಇಪ್ಪತ್ತೆರಡು ಸಾಲು ಹೆಸರು ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ.

ಡಿಸ್ಕ್ ತುಂಬಿದೆ ಅಂತ ಅನ್ವರ್ ಸೋಮವಾರ ಅದನ್ನು ಓಡಿಸಿದ್ದ. ಹಳೇ ಮದುವೆಗಳು ಬೇರೆ ಡಿಸ್ಕಿನಲ್ಲಿದ್ದು ಬಚಾವಾದವು, ಈ ಮದುವೆಯ ಬ್ಯಾಕಪ್ ಫೋಲ್ಡರೂ ಅದೇ ಡಿಸ್ಕಿನಲ್ಲಿತ್ತು. ಗಂಡಸರ ಕಡೆಯ ಫೋಟೋಗಳು ಸಂಖ್ಯೆಯಲ್ಲೂ ಹೆಚ್ಚು, ಡಿಸ್ಕಿಗೆ ಹಾಕಿದ್ದೂ ಕೊನೆಗೆ. ಹೆಂಗಸರ ಕಡೆಯ ಆರುನೂರ ಹನ್ನೆರಡು ಫೋಟೋ, ಅವುಗಳ ಬ್ಯಾಕಪ್ಪು, ಎಲ್ಲ ಗಂಡಸರ ಫೋಟೋಗಳ ಹಳೇ ಕಾಪಿ ಅಂತ ತಿಳಿದು ಪ್ರೋಗ್ರಾಂ ಅಳಿಸಿ ಹಾಕಿತು. ಎಷ್ಟೊಂದು ಜಾಗ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಅವನು ಶಬಾನಾಳ ಕ್ಯಾಮೆರಾದ ಕಾರ್ಡನ್ನೂ ಫಾರ್ಮ್ಯಾಟ್ ಮಾಡಿಬಿಟ್ಟ. ಮಂಗಳವಾರ ಬೆಳಿಗ್ಗೆ ಆಲ್ಬಮ್ ಮಾಡಲು ಕೂತಾಗ ಹೆಂಗಸರ ಫೋಲ್ಡರ್ ಖಾಲಿ.

ನನಗೆ ಮೊದಲು ಹೊಳೆದದ್ದು ಏನು ಗೊತ್ತಾ? ಫೋಲ್ಡರ್ ಸರಿಯಾಗಿ ಇಟ್ಟುಕೊಳ್ಳದಿದ್ದರೆ ನಾನೇನು ಮಾಡಲಿ ಅಂತ. ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಆ ಕಾರ್ಡ್ ಎಲ್ಲಿದೆ ಅಂದೆ.

ಕಾರ್ಡ್ ಫಾರ್ಮ್ಯಾಟ್ ಮಾಡಿದ ತಕ್ಷಣ ಫೋಟೋ ಹೋಗುವುದಿಲ್ಲ. ಬಾಡಿಗೆಗೆ ಇದೆ ಅಂತ ಮನೆಗೆ ಬೋರ್ಡು ಹಾಕಿದ ಹಾಗೆ ಅದು. ಹಳೇ ಸಾಮಾನು ಒಳಗೇ ಇರುತ್ತದೆ. ಹೊಸಬರು ಬಂದು ಸಾಮಾನು ಇಳಿಸಿದಾಗ ಹಳೆಯದು ಹೊರಗೆ ಬೀಳುತ್ತದೆ. ಆ ಕಾರ್ಡಿನಲ್ಲಿ ಹೊಸದಾಗಿ ಏನೂ ತೆಗೆಯದಿದ್ದರೆ ಎಲ್ಲ ವಾಪಸ್ ತರಬಹುದು.

"ಶಬಾನಾ ತಗೊಂಡು ಹೋಗವ್ಳೆ ಅಣ್ಣ. ದೇವರಾಯಸಮುದ್ರದಲ್ಲಿ ಸೀಮಂತ."

ಫೋನ್ ಮಾಡಿ ನಿಲ್ಲಿಸಪ್ಪ ಅಂದೆ. ಎಂಟು ಸಲ ಮಾಡಿದ್ದಾನೆ. ಕೆಲಸದಲ್ಲಿದ್ದಾಗ ಅವಳು ಫೋನ್ ಸೈಲೆಂಟ್ ಮಾಡಿ ಬ್ಯಾಗಿನಲ್ಲಿ ಹಾಕುತ್ತಾಳಂತೆ. (ನಿಯತ್ತಿನ ಕೆಲಸಗಾರ್ತಿ. ಆ ಹೊತ್ತಿಗೆ ಶಾಪ ಹಾಕಿದ್ದೆ.) ಅವನು ಮುಳಬಾಗಿಲಿನಿಂದ, ನಾನು ಕೋಲಾರದಿಂದ, ಇಬ್ಬರೂ ಬೈಕ್ ಹತ್ತಿದೆವು.

ಹೈವೇಯಲ್ಲಿ ಟೊಮೆಟೊ ಕ್ರೇಟ್ ಲಾರಿಗಳ ಹಿಂದೆ ಸಿಕ್ಕಿಕೊಂಡು ನಾನು ಮಾಡಿದ್ದು ಬರೀ ಲೆಕ್ಕ. ಸೀಮಂತಕ್ಕೆ ಎಷ್ಟು ಫೋಟೋ ತೆಗೆಯುತ್ತಾರೆ? ಈಗ ಎಷ್ಟು ಆಗಿರಬಹುದು? ಹತ್ತಾ? ನೂರಾ?

ಕೆರೆ ಕಡೆಯ ರಸ್ತೆಯಲ್ಲಿ ಶಾಮಿಯಾನ ಕಂಡಿತು. ಹತ್ತಿರದಿಂದ ಹೊರಟ ಅನ್ವರ್ ಇನ್ನೂ ಬಂದಿರಲಿಲ್ಲ, ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಿದ್ದನಂತೆ. ಹೆಲ್ಮೆಟ್ ತೆಗೆಯುವುದನ್ನೂ ಮರೆತು ಒಳಗೆ ಹೋದೆ. ನಡುಮನೆಯಲ್ಲಿ ಮೂವತ್ತು ಜನ ಹೆಂಗಸರು. ನಡುವೆ ಬಸುರಿ ಹುಡುಗಿ ಕೂತಿದ್ದಳು, ಒಬ್ಬರು ಹಸಿರು ಬಳೆ ತೊಡಿಸುತ್ತಿದ್ದರು. ಎದುರಿಗೆ ಮಂಡಿಯೂರಿ ಕ್ಯಾಮೆರಾ ಹಿಡಿದಿದ್ದವಳು ಶಬಾನಾ.

ಬಾಗಿಲ ಹತ್ತಿರವಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿತು.

"ಏಮಯ್ಯಾ, ಹೆಂಗಸ್ರು ಕೂತಿರೋ ಕಡೆ ತಲೆ ಮೇಲೆ ಕೊಡ ಮಗುಚ್ಕೊಂಡು ನುಗ್ತಿದೀಯ. ಯಾರು ನೀನು?"

ಎಲ್ಲರೂ ನಕ್ಕರು. ಎಲ್ಲರೂ ತಿರುಗಿ ನೋಡಿದರು.

ಆಗ ನಾನು ಹೇಳಬೇಕಾದ ಮಾತು ಒಂದೇ ಇತ್ತು. ಶಬಾನಾ, ಫೋಟೋ ನಿಲ್ಲಿಸಮ್ಮ, ನನ್ನಿಂದ ತಪ್ಪಾಗಿದೆ. ಬಾಯಿಗೆ ಬರಲಿಲ್ಲ. ಕಾಲೇಜು ಓದಿದ ಇಂಜಿನಿಯರ್ ತಪ್ಪು ಮಾಡಿದರೆ ಅದನ್ನು ಬಗ್ ಅನ್ನುತ್ತಾರೆ. ನಾನು ತಪ್ಪು ಮಾಡಿದರೆ ಒಂಬತ್ತನೇ ಕ್ಲಾಸ್ ಅನ್ನುತ್ತಾರೆ. ಮೂವತ್ತು ಜನರ ಮುಂದೆ ಅದನ್ನು ಹೇಗೆ ಅನ್ನಲಿ? ಕಂಪ್ಯೂಟರಿನವನು, ಕ್ಯಾಮೆರಾ ವಿಷಯಕ್ಕೆ ಸ್ವಲ್ಪ ಈಯಮ್ಮನ ಹತ್ತಿರ ಮಾತಾಡಬೇಕಿತ್ತು ಅಂತ ಗೊಣಗಿದೆ.

"ಎರಡು ನಿಮಿಷ ಇರಿ ಅಣ್ಣ, ಬಳೆ ತೊಡ್ಸೋದು ಮುಗೀಲಿ" ಅಂದಳು ಶಬಾನಾ, ಕಣ್ಣು ಕ್ಯಾಮೆರಾದಿಂದ ತೆಗೆಯದೆ.

ಒಂದು ಕ್ಲಿಕ್. ಇನ್ನೊಂದು. ಮತ್ತೊಂದು.

ನಾನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದೆ.

ಅಷ್ಟರಲ್ಲಿ ಅನ್ವರ್ ಓಡಿ ಬಂದ. ಅವನಿಗೆ ಯಾವ ಸಂಕೋಚವೂ ಇರಲಿಲ್ಲ. ತಮ್ಮ ಮನೆಮಾತು ದಕ್ಖನಿಯಲ್ಲಿ ಏನೋ ಕೂಗಿದ, ಅವಳ ಕೈ ಅಲ್ಲಿಗೇ ನಿಂತಿತು. ಬ್ಯಾಗಿನಿಂದ ಬೇರೆ ಕಾರ್ಡ್ ತೆಗೆದು ಹಾಕಿಕೊಂಡು, ಇದನ್ನು ನನ್ನ ಕೈಗೆ ಕೊಟ್ಟಳು. ಐವತ್ತೈದು ಫೋಟೋ ತೆಗೆದಾಗಿತ್ತು.

ಮಧ್ಯಾಹ್ನ ಅವರ ಸ್ಟುಡಿಯೋದಲ್ಲಿ ಕೂತು ರಿಕವರಿ ಹಾಕಿದೆ. ಪರದೆಯ ಮೇಲೆ ಹಸಿರು ಪಟ್ಟಿ ಹುಳುವಿನ ಹಾಗೆ ಹರಿಯುತ್ತಿತ್ತು. ಅನ್ವರ್ ಟೀ ತರಿಸಿದ. ಅವನು ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಬೈಯಲಿಲ್ಲ. ಟೀ ಕುಡಿಯುತ್ತಾ ಬೇರೆಯದೇ ಹೇಳಿದ.

"ಆ ಹುಡುಗಿ ಕಾಮೆಂಟ್ ಹಾಕಿದ್ಲಲ್ಲ ಅಣ್ಣ, ಅದನ್ನ ನಾನೂ ಓದಿದ್ದೆ. ನಂಗೂ ಅದೇ ಡೌಟ್ ಬಂದಿತ್ತು. ನೀವು ಕೊಟ್ಟ ಉತ್ತರ ನೋಡಿ ಸುಮ್ನಾದೆ."

ಹೌದು, ಕಾಮೆಂಟ್ ಬಂದಿತ್ತು. ಮಾಲೂರಿನಲ್ಲಿ ಡಿಪ್ಲೊಮಾ ಓದುತ್ತಿರುವ ಹುಡುಗಿ. "ಅಣ್ಣ, ಎರಡು ಬೇರೆ ಬೇರೆ ಫೈಲಿಗೆ ಒಂದೇ ಹೆಸರಿದ್ದರೆ ಏನಾಗುತ್ತೆ?" ಅಂತ ಕೇಳಿದ್ದಳು. ಎಷ್ಟು ಸಣ್ಣ ಪ್ರಶ್ನೆ. ನಾನು ಏನು ಉತ್ತರ ಕೊಟ್ಟಿದ್ದೆ? "ತಂಗಿ, ಇದು ಪುಸ್ತಕ ಓದಿದವರಿಗೆ ಬರುವ ಅನುಮಾನ. ಕೈಯಲ್ಲಿ ಕೆಲಸ ಮಾಡುವವರಿಗೆ ಬರುವುದಿಲ್ಲ." ಹದಿನಾಲ್ಕು ಜನ ಅದಕ್ಕೆ ಲೈಕ್ ಒತ್ತಿದ್ದರು. ಆ ದಿನ ಮೂರು ಸಲ ತೆಗೆದು ಓದಿಕೊಂಡಿದ್ದೆ ನನ್ನ ಉತ್ತರವನ್ನು.

ಅನ್ವರ್ ಕೈಯಲ್ಲಿ ಕೆಲಸ ಮಾಡುವವನೇ. ಅವನಿಗೂ ಅನುಮಾನ ಬಂದಿತ್ತು. ಅದನ್ನು ಮುಚ್ಚಿಸಿದ್ದು ನನ್ನ ದೊಡ್ಡ ಬಾಯಿ.

ನಾವು ಟೂಲ್ ಬಗ್ಗೆ ಬರೆಯುವವರು ಎಲ್ಲರೂ ಹೀಗೇನಾ? ನನ್ನ ಮಷೀನಿನಲ್ಲಿ ಓಡಿತು, ನಿಮ್ಮದರಲ್ಲೂ ಓಡುತ್ತೆ ಅನ್ನುತ್ತೇವೆ. ನಮ್ಮ ಮಷೀನಿನಲ್ಲಿ ಎರಡು ಹಾಲ್‌ಗಳ ಮದುವೆ ಇತ್ತಾ? ಒಂದೇ ನಂಬರಿನ ಇಬ್ಬರು ಇದ್ದರಾ? ಯಾವ ಯಾವ ಮನೆಯಲ್ಲಿ ಏನೇನಿದೆ ಅಂತ ನೋಡದೆ ಕತ್ತರಿ ಕೊಟ್ಟು ಕಳಿಸುತ್ತೇವೆ.

ಹಸಿರು ಪಟ್ಟಿ ಕೊನೆ ಮುಟ್ಟಿತು. ಐನೂರ ಐವತ್ತೇಳು ಬಂದವು. ಐವತ್ತೈದು ಬರಲಿಲ್ಲ. ಹೊಸದಾಗಿ ತೆಗೆದ ಐವತ್ತೈದು, ಮದುವೆಯ ಮೊದಲ ಐವತ್ತೈದರ ಜಾಗದಲ್ಲಿ ಕೂತಿದ್ದವು.

ಅಷ್ಟು ಹೊತ್ತಿಗೆ ಶಬಾನಾ ಬಂದಿದ್ದಳು. ಹೋದವು ಯಾವುವು ಅಂತ ಅವಳಿಗೆ ಪಟ್ಟಿಯೇ ಬೇಕಿರಲಿಲ್ಲ, ಬಾಯಲ್ಲೇ ಹೇಳುತ್ತಾ ಹೋದಳು. ಮೆಹಂದಿ ಕೈ, ಕನ್ನಡಿ ಮುಂದೆ ಜುಮ್ಕಿ ಹಾಕಿಕೊಳ್ಳುತ್ತಿದ್ದದ್ದು, ದುಪಟ್ಟಾ ಸರಿ ಮಾಡಿಕೊಂಡು ನಕ್ಕಿದ್ದು. ನಾನು ಮದುಮಗಳ ಮನೆಗೆ ಬಂದು ಹೇಳುತ್ತೇನೆ ಅಂದೆ.

"ನೀವು ಬಂದು ಏನಂತೀರ ಅಣ್ಣ? ಬ್ಲಾಗು ಅಂದ್ರೆ ಅವ್ರಿಗೆ ಏನು ಗೊತ್ತು? ಫೋಟೋ ತೆಗ್ದೋಳು ನಾನು, ನಾನೇ ಹೇಳ್ತೀನಿ."

ಆದರೂ ಹೋದೆ. ಹೊರಗಿನ ಕೋಣೆಯಲ್ಲಿ ಅನ್ವರ್ ಪಕ್ಕ ಕೂತೆ. ಒಳಗಿನಿಂದ ಪರದೆಯಾಚೆ ಶಬಾನಾಳ ದನಿ ಕೇಳುತ್ತಿತ್ತು. ಗಲಾಟೆ ಆಗುತ್ತದೆ ಅಂತ ಕಾದೆ. ಆಗಲಿಲ್ಲ. ಹುಡುಗಿಯ ತಾಯಿ ಒಂದೇ ಒಂದು ಫೋಟೋ ಕೇಳಿದರಂತೆ, ತಾವು ಮಗಳ ಜಡೆಗೆ ಹೂ ಮುಡಿಸುತ್ತಿದ್ದದ್ದು. ಅದು ಇರಲಿಲ್ಲ. ಹೋಗಲಿ ಬಿಡಮ್ಮ, ನನಗೆ ನೆನಪಿದೆಯಲ್ಲ ಅಂದರಂತೆ.

ಬರುವಾಗ ಅದು ಎಷ್ಟನೇ ಫೋಟೋ ಅಂತ ಕೇಳಿದೆ. ಕೇಳಬಾರದಿತ್ತು. ಐವತ್ತಮೂರೋ ಐವತ್ತನಾಲ್ಕೋ ಇರಬೇಕು ಅಂದಳು ಶಬಾನಾ.

ಸೀಮಂತದ ಮನೆಯ ಬಾಗಿಲಲ್ಲಿ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದಾಗ ಬಿದ್ದ ಕ್ಲಿಕ್ಕುಗಳು ಮೂರು, ಐವತ್ತೈದರಲ್ಲಿ ಕೊನೆಯವು.

ಬುಧವಾರ ಅಂಗಡಿಯಲ್ಲಿ ಬೇರೆ ಕೆಲಸ ಮಾಡಲಿಲ್ಲ. ಪ್ರೋಗ್ರಾಂ ತೆಗೆದು ಹಾಕಿದೆ. ಆ ಜಾಗದಲ್ಲಿ ಕೆಂಪು ಅಕ್ಷರದಲ್ಲಿ, ಇದನ್ನು ರನ್ ಮಾಡಬೇಡಿ, ಬರೆದ ನಾನು ತಪ್ಪು ಮಾಡಿದ್ದೇನೆ ಅಂತ ಹಾಕಿದೆ. ಮಾಲೂರಿನ ಹುಡುಗಿಗೆ, ನೀನು ಕೇಳಿದ್ದು ಸರಿ ಇತ್ತು ತಾಯಿ, ನನ್ನ ಉತ್ತರ ತಪ್ಪು ಅಂತ ಬರೆದೆ. ಐದು ಸಾಲು. ಊಟದ ಹೊತ್ತಾಯಿತು ಅಷ್ಟು ಬರೆಯಲು. ಅವಳು, ಪರವಾಗಿಲ್ಲ ಅಣ್ಣ, ಈಗ ಹೆಸರಿನ ಜೊತೆ ಒಳಗೇನಿದೆ ಅಂತಲೂ ಹೋಲಿಸಿ ನೋಡೋ ಹಾಗೆ ನಾನೇ ಬರೆದು ಕಳಿಸಲಾ ಅಂದಿದ್ದಾಳೆ. ಕಳಿಸಮ್ಮ ಅಂದೆ.

ಅಲ್ಲಿಗೆ ಮನಸ್ಸು ಹಗುರಾಗಬೇಕಿತ್ತು. ಆಗಿಲ್ಲ.

ಪುಟ ಸರಿಪಡಿಸುವಾಗ ಅದನ್ನು ಎಷ್ಟು ಸಲ ತೆರೆದಿದ್ದಾರೆ ಅಂತ ತೋರಿಸುವ ಅಂಕಿ ಕಣ್ಣಿಗೆ ಬಿತ್ತು. ಸಾವಿರದ ನೂರ ನಲವತ್ತು. ಮೊನ್ನೆವರೆಗೆ ಅದೇ ಅಂಕಿಯನ್ನು ಸ್ನೇಹಿತರಿಗೆ ತೋರಿಸುತ್ತಿದ್ದವನು ನಾನು. ಅವರಲ್ಲಿ ಎಷ್ಟು ಜನ ಅದನ್ನು ಕಾಪಿ ಮಾಡಿಕೊಂಡರು, ಎಷ್ಟು ಜನ ವಾಟ್ಸಾಪಿನಲ್ಲಿ ಇನ್ನೊಬ್ಬರಿಗೆ ಕಳಿಸಿದರು? ನನ್ನ ಪುಟದಿಂದ ತೆಗೆದರೆ ಅವರ ಮಷೀನಿನಿಂದ ಹೋಗುತ್ತದಾ? ಈಗ ಎಐ ಬೇರೆ ಇದೆ. ಸಿಕ್ಕ ಸಿಕ್ಕ ಬ್ಲಾಗನ್ನೆಲ್ಲ ಓದಿಕೊಂಡು ಕೇಳಿದವರಿಗೆ ಹೇಳಿಕೊಡುತ್ತದಂತೆ. ನನ್ನ ಇಪ್ಪತ್ತೆರಡು ಸಾಲನ್ನೂ ಯಾರಿಗಾದರೂ ಹೇಳಿಕೊಟ್ಟಿದೆಯೋ ಏನೋ, ನನಗೆ ಯಾರು ಹೇಳಬೇಕು?

ಅಂಗಡಿಗೆ ಫೋನ್ ಬಂದರೆ ಈಗ ಎರಡು ಸಲ ರಿಂಗಾಗುವವರೆಗೆ ಕೈ ಹೋಗುವುದಿಲ್ಲ. ಬಾರದಿದ್ದರೆ ಇನ್ನೂ ಕಷ್ಟ. ಖಾಲಿ ಫೋಲ್ಡರ್ ತೆರೆದು ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ.

ಬ್ಲಾಗಿಗೆ ಮತ್ತೆ ಬರದವರು ಈ ಪತ್ರಿಕೆಯನ್ನಾದರೂ ಓದುತ್ತಾರೆ ಅಂತ ಇದನ್ನು ಇಲ್ಲಿ ಬರೆದಿದ್ದೇನೆ. ಇವತ್ತೇ ನಿಮ್ಮ ಕಂಪ್ಯೂಟರ್ ತೆರೆದು ನೋಡಿ, ನಿಮ್ಮಲ್ಲಿ ಏನು ಕಾಣೆಯಾಗಿದೆ?