ಬಾಣಂತಿ ಕೋಣೆಗೆ ಬಿದ್ದ ಭಂಡಾರ

1995ರಲ್ಲಿ ನಾನು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯ ಒಂದು ಉಪಕೇಂದ್ರದಲ್ಲಿ ಎಎನ್‌ಎಂ ಆಗಿದ್ದೆ. ಅಂದರೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಹೆಸರು ಉದ್ದ, ಕೆಲಸ ಅದಕ್ಕಿಂತ ಉದ್ದ. ಬಸುರಿಯರ ಕಾರ್ಡು ಬರೆಯಬೇಕು, ಟಿಟಿ ಇಂಜೆಕ್ಷನ್ ಕೊಡಬೇಕು, ಮಕ್ಕಳಿಗೆ ಲಸಿಕೆ ಹಾಕಬೇಕು, ಆಮೇಲೆ ಎಲ್ಲವನ್ನೂ ರಿಜಿಸ್ಟರಿಗೆ ತುಂಬಿ ಮೇಲಿನವರ ಕೈಲಿ ಬೈಸಿಕೊಳ್ಳಬೇಕು. ಬಸ್ಸು ಕ್ರಾಸಿನವರೆಗೆ ಮಾತ್ರ. ಅಲ್ಲಿಂದ ಮುಂದೆ ವ್ಯಾಕ್ಸಿನ್ ಡಬ್ಬಿ ಹೆಗಲಿಗೆ ಹಾಕಿಕೊಂಡು ನಡೆಯುವುದೇ. ಇವತ್ತು ಮಂಡಿ ನೋವು ಅಂತ ಕೂತಿದ್ದೇನಲ್ಲ, ಅದು ಆ ದಾರಿಯದೇ ಸಂಪಾದನೆ.

ನನ್ನ ವ್ಯಾಪ್ತಿಯಲ್ಲಿ ಒಂದು ಹಟ್ಟಿ ಇತ್ತು. ಹೆಸರು ಬೇಡ. ಕುರಿ ಸಾಕುವವರು, ಸುತ್ತ ಮುಳ್ಳಿನ ಬೇಲಿ, ನಡುವೆ ನಲವತ್ತು ಮನೆ, ಒಂದು ದೇವರ ಗುಡಿ. ಅಲ್ಲಿ ತಿಂಗಳಿಗೆ ಮೂರು ದಿನ ಹೆಣ್ಣುಮಕ್ಕಳು ‘ಹೊರಗಾಗು’ವುದು ಬರಿಯ ಮಾತಲ್ಲ, ನಿಜವಾಗಿಯೂ ಬೇಲಿಯ ಹೊರಗೇ ಇರಬೇಕು. ಹೆತ್ತವಳಂತೂ ತಿಂಗಳ ಮೇಲೆ ಕೂಸಿನ ಸಮೇತ ಹೊರಗೆ, ನಾಲ್ಕು ಕೋಲು ನಿಲ್ಲಿಸಿ ಗರಿ ಹೊದಿಸಿದ ಗುಡ್ಲಿನಲ್ಲಿ. ಬಗ್ಗಿಯೇ ಒಳಗೆ ಹೋಗಬೇಕು. ನಮ್ಮ ಕಡೆ ಮಳೆ ಕಮ್ಮಿ ನಿಜ, ಆದರೆ ಬಂದಾಗ ಗಾಳಿಯನ್ನೂ ಕರಕೊಂಡೇ ಬರುತ್ತದೆ.

ಸಣ್ಣೀರಮ್ಮ ಆ ಹಟ್ಟಿಯ ಸೊಸೆ, ಹತ್ತೊಂಬತ್ತು ವರ್ಷ. ಹಿಂದಿನ ವರ್ಷ ಅವಳ ಚೊಚ್ಚಲ ಗಂಡು ಆ ಗುಡ್ಲಿನಲ್ಲೇ ಒಂಬತ್ತನೇ ದಿನ ತೀರಿಕೊಂಡಿತ್ತು. ‘ನ್ಯುಮೋನಿಯಾ’ ಅಂತ ರಿಜಿಸ್ಟರಿನಲ್ಲಿ ಬರೆದದ್ದು ನಾನೇ. ಮತ್ತೆ ಬಸುರಿಯಾಗಿ ಆರನೇ ತಿಂಗಳಲ್ಲಿ ಇಂಜೆಕ್ಷನ್‌ಗೆ ತೋಳು ಕೊಡುತ್ತಾ ಕೇಳಿದಳು: “ಈ ಸಲ ಗೋಡೆ ಇರೋ ಕಡೆ ಮಲಗುಸ್ತೀಯಾ ಸಿಸ್ಟರಮ್ಮ?”

ನನಗೆ ಏನು ಬಂದಿತ್ತೋ, “ಹ್ಞೂಂ ಕಣೆ” ಅಂದುಬಿಟ್ಟೆ.

ಹಟ್ಟಿಯ ಹಿರಿಯ ಅಂದರೆ ಗುಡಿಯ ಪೂಜಾರಪ್ಪ. ಅವನ ಹತ್ತಿರ ಮೊದಲು ಹೋದೆ. “ಹೆರಿಗೆ ಆಸ್ಪತ್ರೇಲಿ ಆಗ್ಲಿ, ನಮ್ದೇನೂ ಅಡ್ಡಿ ಇಲ್ಲ. ಹಟ್ಟಿ ಒಳಕ್ಕೆ ಮಾತ್ರ ಬರಂಗಿಲ್ಲ,” ಅಂದ. ಹಾಗಾದರೆ ಹೊರಗೇ ಗೋಡೆ ಬರಲಿ ಅಂತ ಚಳ್ಳಕೆರೆಗೆ ಹೋದೆ. ಅಲ್ಲಿ ವ್ಯಾಪಾರಸ್ಥರೇ ಸೇರಿ ನಡೆಸುತ್ತಿದ್ದ ಒಂದು ಸೇವಾ ಕ್ಲಬ್ ಇತ್ತು. ಕಣ್ಣಿನ ಕ್ಯಾಂಪು, ಶಾಲೆಗೆ ಬೆಂಚು, ಇಂಥವು ಮಾಡುತ್ತಿದ್ದರು. ಅಧ್ಯಕ್ಷರು ಎಣ್ಣೆ ಮಿಲ್ಲಿನ ರುದ್ರಪ್ಪನವರು, ವಿಭೂತಿ ಹಚ್ಚದೆ ಗಲ್ಲಾಪೆಟ್ಟಿಗೆ ಮುಂದೆ ಕೂರದವರು, ಒಳ್ಳೆಯ ಮನುಷ್ಯ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, “ಮಳೆಗೆ ಮುಂಚೆ ಮುಗುಸೋಣ ಸಿಸ್ಟರ್,” ಅಂದರು. ಅಂದಂತೆ ಮಾಡಿದರು. ಬೇಲಿಯಿಂದ ಮೂವತ್ತು ಹೆಜ್ಜೆ ಆಚೆಗೆ ಹತ್ತಡಿ-ಹನ್ನೆರಡಡಿಯ ಕೋಣೆ, ಆರ್‌ಸಿಸಿ ಚಾವಣಿ, ಎರಡು ಕಿಟಕಿ, ಪಕ್ಕದಲ್ಲಿ ಬಚ್ಚಲು.

ನಮ್ಮ ಡಾಕ್ಟರಿಗೆ ಸಿಟ್ಟು ಬಂತು. “ಏನಮ್ಮ, ಅನಿಷ್ಟ ಪದ್ಧತಿಗೆ ಸಿಮೆಂಟ್ ಹಾಕಿಸ್ತಿದೀರಾ?” ಅಂದರು.

“ಹೌದು ಸಾರ್. ಮಳೆ ಬರೋದ್ರೊಳಗೆ ನೀವು ಪದ್ಧತಿ ತೆಗೆಸಿ, ನಾನು ಸಿಮೆಂಟ್ ನಿಲ್ಲುಸ್ತೀನಿ,” ಅಂದೆ. ಬಾಯಿ ಜೋರು ಅಂತ ಮೊದಲಿಂದಲೂ ನನಗೆ ಹೆಸರಿತ್ತು. ಆದರೆ ಅವರ ಮಾತು ಚುಚ್ಚಿತು, ಸುಳ್ಳೇಕೆ ಹೇಳಲಿ.

ಇನ್ನು ನನ್ನ ತಪ್ಪಿನ ವಿಷಯ. ಕೋಣೆ ಏಳುತ್ತಿದ್ದಾಗ ಪೂಜಾರಪ್ಪ ಅತ್ತ ತಿರುಗಿಯೂ ನೋಡಲಿಲ್ಲ. ನಾಳೆ ಏನಾದರೂ ತಕರಾರು ತೆಗೆದರೆ ಅಂತ ನನಗೆ ದಿಗಿಲು. ಅವನ ಕೈಯಿಂದಲೇ ಆರಂಭ ಮಾಡಿಸಿದರೆ ಬಾಯಿ ಕಟ್ಟಿದಂತಾಗುತ್ತದೆ ಅಂತ ಲೆಕ್ಕ ಹಾಕಿದೆ. “ನಿಮ್ಮ ದೇವರ ಭಂಡಾರ ಹೊಸಲಿಗೆ ಹಾಕಿ ನೀವೇ ಪೂಜೆ ಮಾಡ್ರಿ,” ಅಂತ ಹೋಗಿ ಕೈಮುಗಿದೆ. ಭಂಡಾರ ಅಂದರೆ ಗುಡಿಯ ಅರಿಶಿನದ ಪುಡಿ. ಅವನು ನನ್ನನ್ನು ಒಂದು ಥರ ನೋಡಿದ, ಆದರೆ ಒಪ್ಪಿದ. ಉದ್ಘಾಟನೆ ಭರ್ಜರಿಯಾಯಿತು. ಕ್ಲಬ್ಬಿನವರು ಶಾಲು ಹೊದಿಸಿದರು, ಫೋಟೋ ತೆಗೆಸಿದರು. ಪೂಜಾರಪ್ಪ ಹೊಸಲಿಗೆ, ಗೋಡೆಗೆ, ಮೂಲೆಮೂಲೆಗೂ ಭಂಡಾರ ಎರಚಿದ. ಆರತಿ ತಟ್ಟೆ ಹಿಡಿದವಳು ನಾನು. ನನ್ನಂಥ ಜಾಣೆ ಇಡೀ ತಾಲ್ಲೂಕಿನಲ್ಲಿ ಇಲ್ಲ ಅಂತ ಬೀಗುತ್ತಾ ಮನೆಗೆ ಬಂದೆ.

ಸಣ್ಣೀರಮ್ಮನಿಗೆ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮೂರನೇ ದಿನ ಕಳಿಸಿಕೊಟ್ಟರು. ಐದನೇ ದಿನ ನೋಡಲು ಹೋದರೆ, ಹೊಸ ಕೋಣೆಗೆ ಬೀಗ. ಅದರ ಪಕ್ಕದಲ್ಲೇ ಹಳೆಯ ಗುಡ್ಲು, ಮೇಲೆ ಗೊಬ್ಬರದ ಚೀಲ ಹರಿದು ಹೊದಿಸಿದ್ದಾರೆ, ಹನಿ ಬೀಳುತ್ತಿದೆ. ಒಳಗೆ ಸಣ್ಣೀರಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ಕೂತಿದ್ದಾಳೆ.

“ಯಾಕೆ ಇಲ್ಲಿದೀಯ?”

“ಅದು ದೇವರ ಮನೆ ಆಗೈತಲ್ಲ ಸಿಸ್ಟರಮ್ಮ. ನೀನೇ ಅಲ್ವಾ ಆರತಿ ಹಿಡ್ದಿದ್ದು?”

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ನಾನೇ ಓಡಿಹೋಗಿ ಪೂಜಾರಪ್ಪನನ್ನು ಹಿಡಿದೆ. ಅವನದು ತಣ್ಣನೆಯ ಉತ್ತರ: “ಭಂಡಾರ ಬಿದ್ದ ಜಾಗಕ್ಕೆ ದೇವರು ಬಂದಂಗೆ. ಬಾಣಂತಿ ಹೆಂಗೆ ಹೋಗ್ತಾಳೆ? ನೀವೇ ಕೈಮುಗಿದು ಮಾಡಿಸಿದ್ರಿ, ನಾನೇನು ಬಲವಂತ ಮಾಡಿದ್ನಾ?”

ಇಲ್ಲ, ಮಾಡಿರಲಿಲ್ಲ. ಅದೇ ನೋಡಿ ಸಂಕಟ.

ಕ್ರಾಸಿಗೆ ಬಂದು ಎಸ್‌ಟಿಡಿ ಬೂತಿನಿಂದ ರುದ್ರಪ್ಪನವರಿಗೆ ಫೋನ್ ಮಾಡಿದೆ. ಮಾರನೇ ದಿನ ಬೆಳಿಗ್ಗೆಯೇ ಕಾರು ತಂದರು. ನಾನು ಮೊದಲು ಕೂಸಿನ ಉಸಿರು ಎಣಿಸಿದೆ. ಗಡಿಯಾರ ಹಿಡಿದು ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸುವುದು ನಮ್ಮ ತರಬೇತಿಯಲ್ಲಿ ಕಲಿಸಿದ್ದು. ಎಳೆ ಕೂಸಿಗೆ ಅರವತ್ತು ಮುಟ್ಟಿದರೆ ಅಪಾಯ. ಐವತ್ತೆಂಟು ಇತ್ತು, ಪಾದ ತಣ್ಣಗೆ. ಹೋದ ವರ್ಷದ ಕೂಸೂ ಹೀಗೇ ಶುರುಮಾಡಿತ್ತು. ಚಳ್ಳಕೆರೆ ಆಸ್ಪತ್ರೆಗೆ ಒಯ್ಯಬಹುದಿತ್ತು. ಆದರೆ ಅಲ್ಲಿಂದ ಬಂದು ಮಲಗುವುದು ಮತ್ತೆ ಇದೇ ಗೊಬ್ಬರದ ಚೀಲದ ಕೆಳಗೆ ತಾನೆ? ರುದ್ರಪ್ಪನವರು ಪೂಜಾರಪ್ಪನ ಮುಂದೆ ಕೈಮುಗಿದು ನಿಂತು ಕೇಳಿದರು. “ಇನ್ನೊಂದು ಕಟ್ಟಿಸ್ರಿ, ಪೂಜೆ ಬ್ಯಾಡ,” ಅಂದ ಅವನು. ಇನ್ನೊಂದು ಏಳಲು ಮೂರು ತಿಂಗಳು ಬೇಕು, ಕೂಸಿನ ಹತ್ತಿರ ಮೂರು ದಿನವೂ ಇರಲಿಲ್ಲ.

ಮಾತು ನನ್ನ ಬಾಯಿಂದ ತಾನಾಗಿ ಬಂತು.

“ಪೂಜಾರಪ್ಪ, ಆ ಪೂಜೆ ನಡೀಲೇ ಇಲ್ಲ ಅಂದ್ಕೊಳ್ರಿ. ಅವತ್ತು ನಾನು ಹೊರಗಾಗಿದ್ದೆ. ಎರಡನೇ ದಿನ. ಹೇಳದೆ ತಟ್ಟೆ ಹಿಡಿದುಬಿಟ್ಟೆ.”

ಸೇರಿದ್ದ ಜನ ಎರಡು ಹೆಜ್ಜೆ ಹಿಂದೆ ಸರಿದರು. ಪೂಜಾರಪ್ಪ “ಥೂ!” ಅಂತ ಉಗಿದ. ಆದರೂ ಅವನಿಗೆ ಅನುಮಾನ. ಹಟ್ಟಿಯ ಸೂಲಗಿತ್ತಿ ಬೋರಮ್ಮಜ್ಜಿಯ ಕಡೆ ತಿರುಗಿದ. “ಏನಜ್ಜಿ, ಅವತ್ತು ಪಕ್ಕದಾಗೇ ನಿಂತಿದ್ದೆಲ್ಲ. ನಿಜಾನಾ?”

ಈಗ ನನ್ನ ಸುಳ್ಳು ಅಜ್ಜಿಯ ಕೈಯಲ್ಲಿತ್ತು. ಯಾಕೆಂದರೆ ನನಗೆ ಗರ್ಭಕೋಶ ತೆಗೆಸಿ ಆಗಲೇ ಮೂರು ವರ್ಷವಾಗಿತ್ತು. ಆಪರೇಷನ್ ಆದಾಗ ಚಿತ್ರದುರ್ಗದವರೆಗೆ ಬಸ್ಸಿನಲ್ಲಿ ಬಂದು ನನಗೆ ರಾಗಿ ಗಂಜಿ ಕುಡಿಸಿ ಹೋದವಳು ಇದೇ ಅಜ್ಜಿ.

ಅಜ್ಜಿ ನನ್ನನ್ನೇ ನೋಡಿದಳು, ಆಮೇಲೆ ಗುಡ್ಲಿನ ಕಡೆ ನೋಡಿದಳು. “ನಿಜ ಕಣಪ್ಪ. ನನಗೆ ಅವತ್ತೇ ಗೊತ್ತಾಯ್ತು. ನೌಕರಿ ಮಾಡೋಳು, ಮರ್ಯಾದೆ ಯಾಕೆ ಕಳೀಲಿ ಅಂತ ಸುಮ್ಕಿದ್ದೆ.”

ಪೂಜಾರಪ್ಪ ಬೀಗದ ಕೈಯನ್ನು ನೆಲಕ್ಕೆ ಎಸೆದು ಹೋದ. ಭಂಡಾರ ತೊಳೆದು ಅರ್ಧ ಗಂಟೆಯಲ್ಲಿ ಸಣ್ಣೀರಮ್ಮನನ್ನು ಒಳಗೆ ಸೇರಿಸಿದೆವು. ಅಜ್ಜಿ ಕೆಂಡದ ಬೋಕಿ ತಂದಿಟ್ಟಳು. ಆ ದಿನ ನಾನು ಅಲ್ಲೇ ಉಳಿದೆ. ಮಾರನೇ ಬೆಳಿಗ್ಗೆ ಉಸಿರು ನಲವತ್ತಾರಕ್ಕೆ ಇಳಿದಿತ್ತು. ಗೋಡೆಗೆ ಒರಗಿ ಕೂತು ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಹಿಂದಿನ ದಿನ ರುದ್ರಪ್ಪನವರು ಕಾರು ಹತ್ತುವ ಮುಂಚೆ ಒಂದು ಮಾತು ಹೇಳಿದ್ದರು: “ನೀವು ಓದಿದೋರು ಸಿಸ್ಟರ್. ಅಂಥ ದಿನ ತಟ್ಟೆ ಮುಟ್ಟಬಾರದಿತ್ತು.” ಅಷ್ಟು ಕಷ್ಟಪಟ್ಟು ಕೋಣೆ ಕಟ್ಟಿಸಿಕೊಟ್ಟವರು! ಅವರಿಗೂ ನಿಜ ಹೇಳಲಿಲ್ಲ. ಒಂದು ಬಾಯಿಗೆ ಬಿದ್ದರೆ ಹಟ್ಟಿಗೆ ಮುಟ್ಟುತ್ತದೆ. ಕ್ಲಬ್ಬಿನ ಯಾವ ಸಮಾರಂಭಕ್ಕೂ ಅವರು ಮತ್ತೆ ನನ್ನನ್ನು ಕರೆಯಲಿಲ್ಲ. ಹಟ್ಟಿಯಲ್ಲಿ ನಾನು ಬೇಲಿಯ ಹೊರಗೇ ನಿಂತು ಪೋಲಿಯೊ ಹನಿ ಹಾಕಬೇಕಾಯಿತು. ನೀರು ಕೇಳಿದರೆ ಮೇಲಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಮುಟ್ಟು ಮೈಲಿಗೆಯಲ್ಲ ಅಂತ ಚಾರ್ಟು ತೂಗುಹಾಕಿ ಎಷ್ಟು ಸಭೆ ಮಾಡಿದ್ದೆನೋ, ಒಬ್ಬರೂ ನಂಬಿರಲಿಲ್ಲ. ನಾನು ಮೈಲಿಗೆ ಅಂದದ್ದೇ ತಡ, ಎಲ್ಲರೂ ನಂಬಿದರು. ಆಮೇಲೆ ಆ ಚಾರ್ಟು ಬಿಚ್ಚಲು ನನಗೆ ಮುಖವೇ ಇರಲಿಲ್ಲ. ಸಾಕಾಗಿಹೋಗಿತ್ತು.

2008ರಲ್ಲಿ, ನಿವೃತ್ತಿಗೆ ಮುಂಚೆ, ಸಣ್ಣೀರಮ್ಮನನ್ನು ನೋಡಿ ಬರೋಣ ಅಂತ ಹೋದೆ. ಅಜ್ಜಿ ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಕೋಣೆಯ ಬಣ್ಣ ಎದ್ದಿತ್ತು. ಬಾಗಿಲಲ್ಲಿ ಹದಿಮೂರು ವರ್ಷದ ಹುಡುಗಿ ತೊಡೆ ಮೇಲೆ ವಿಜ್ಞಾನದ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಮುಖ ನೋಡಿದರೇ ಗೊತ್ತಾಗುತ್ತಿತ್ತು, ಸಣ್ಣೀರಮ್ಮನದೇ ಮೂಗು. ಇವಳನ್ನು ಉಳಿಸಿದ್ದು ಇಲ್ಲಿ ತಂದು ಕೂರಿಸುವುದಕ್ಕಾ ಅನ್ನಿಸಿತು.

“ಮುಟ್ಟಬ್ಯಾಡ್ರಿ, ನಾನು ಹೊರಗಾಗಿದೀನಿ,” ಅಂದಳು. ನಾನು ಯಾರು ಅಂತ ಹೇಳಿದೆ. ಕಣ್ಣರಳಿಸಿದಳು. “ಅವ್ವ ಹೇಳ್ತಾಳೆ. ಹೊರಗಾಗಿದ್ದೂ ಆರತಿ ಹಿಡಿದೋರು ನೀವೇನಾ?”

ಹದಿಮೂರು ವರ್ಷ ಯಾರಿಗೂ ಹೇಳದ್ದನ್ನು ಅವಳ ಪಕ್ಕ ಕೂತು ಹೇಳಿದೆ. ಸುಳ್ಳು ಕಣಮ್ಮ, ಪೂಜೆ ಸರಿಯಾಗೇ ಆಗಿತ್ತು, ಇದು ದೇವರ ಮನೆಯೇ ಅಂದೆ.

ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ಪುಸ್ತಕ ಮುಚ್ಚಿದಳು. ಒಳಗೆ ಗೋಡೆ, ಚಾವಣಿ, ಕಿಟಕಿ, ಎಲ್ಲವನ್ನೂ ಒಂದು ಸುತ್ತು ನೋಡಿದಳು.

“ಹಂಗಾರೆ ಅವ್ವ, ನಾನು, ಎಲ್ಲರೂ ಇಷ್ಟು ವರ್ಷ ದೇವರ ಮನ್ಯಾಗೇ ಹೊರಗಾಗಿ ಕುಂತಿದೀವಿ,” ಅಂದಳು. “ಏನೂ ಆಗೇ ಇಲ್ವಲ್ರಿ!”

ನೌಕರಿ ನನಗೆ ಕಲಿಸಿದ್ದು ಇಷ್ಟೇ: ನಾನು ಸಭೆ ಸಭೆಯಲ್ಲಿ ಗಂಟಲು ಹರಿದುಕೊಂಡು ಹೇಳಿದ್ದನ್ನು ಅವಳು ಕೂತ ಜಾಗದಲ್ಲೇ ಕಂಡುಕೊಂಡಳು.

ನಾನು ಕ್ರಾಸಿಗೆ ಹೊರಟಾಗ ಅವಳು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎದ್ದಳು. ಅವಳಿಗೆ ಅದಿನ್ನೂ ಎರಡನೇ ದಿನ. ಬೇಲಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತಳು, ಆಮೇಲೆ ಒಳಗೆ ಹೋದಳು.